ಅಪ್ಪರ್ ರಿಡೋ ಕಟ್ಟಿದ ಕೆರೆಯಾ, ತಾನಾಗೇ ಆದದ್ದಾ? ವೆಸ್ಟ್‌ಪೋರ್ಟ್ ನೋಡಿದವರು ಹೇಳಿ

ತುರುವೇಕೆರೆ_ಟು_ಒಟ್ಟಾವಾ

ಎಲ್ಲರಿಗೂ ನಮಸ್ಕಾರ. ಅಮ್ಮ ಬೇಸಿಗೆಗೆ ಊರಿಂದ ಬಂದಿದ್ದಾರೆ. ಹೋದ ಶನಿವಾರ ಅವರನ್ನ ವೆಸ್ಟ್‌ಪೋರ್ಟ್‌ಗೆ ಕರೆದುಕೊಂಡು ಹೋಗಿದ್ದೆವು. ಒಟ್ಟಾವಾದಿಂದ ಒಂದೂವರೆ ಗಂಟೆ ದಾರಿ. ಏಳುನೂರು ಜನರೂ ಇಲ್ಲದ ಊರು. ಅಪ್ಪರ್ ರಿಡೋ ಕೆರೆಯ ಪಶ್ಚಿಮದ ತುದಿ, ದೋಣಿ ಕಟ್ಟೋಕೆ ಒಂದು ಪುಟ್ಟ ದ್ವೀಪ, ಹಿಂದೆ ಫೋಲಿ ಮೌಂಟನ್. ಮೌಂಟನ್ ಅಂತ ಹೆಸರು ಅಷ್ಟೆ. ನಮ್ಮ ಕಡೆಯವರು ಗುಡ್ಡ ಅನ್ನೋಕೂ ಎರಡು ಸಲ ಯೋಚಿಸುತ್ತಾರೆ.

ಗುಡ್ಡದ ಮೇಲೆ ಸ್ಪೈ ರಾಕ್ ಅಂತ ಒಂದು ಬಂಡೆ ಇದೆ. ಅಲ್ಲಿ ಕೂತರೆ ಊರು, ಚರ್ಚಿನ ಗೋಪುರ, ಕೆರೆ, ದೋಣಿಗಳು ಎಲ್ಲ ಕಾಲ ಕೆಳಗೆ. ನಾನು ಫೋಟೋ ತೆಗೆಯುತ್ತಿದ್ದೆ. ಅಮ್ಮ ಸುಮ್ಮನೆ ನೋಡುತ್ತಾ ಕೂತಿದ್ದವರು ಕೇಳಿದರು: "ಇದು ಕಟ್ಟಿದ ಕೆರೆಯೇನೋ? ಏರಿ ಎಲ್ಲಿದೆ?"

ಇಲ್ಲಮ್ಮ, ಈ ದೇಶದಲ್ಲಿ ಕೆರೆಗಳು ತಾನಾಗೇ ಇವೆ, ಲಕ್ಷಗಟ್ಟಲೆ ಇವೆ ಅಂದೆ. ಮಧ್ಯಾಹ್ನ ಬಾಡಿಗೆ ದೋಣಿಯಲ್ಲಿ, ದೋಣಿ ಏರಿಸಿ ಇಳಿಸುವ ನ್ಯೂಬರೋ ಲಾಕ್ ದಾಟಿ ಆ ಕಡೆಯ ಕೆರೆಗೆ ಇಳಿದೆವು. ಒಂದು ಮೂಲೆಯಲ್ಲಿ ನೀರು ಆಳ ಇರಲಿಲ್ಲ. ಅಮ್ಮ ಬಗ್ಗಿ ನೋಡಿ, "ತಾನಾಗೇ ಆದ ಕೆರೆಯೊಳಗೆ ಇಷ್ಟೊಂದು ಮರದ ಬೊಡ್ಡೆ ಯಾಕಪ್ಪಾ?" ಅಂದರು.

ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿ. ಅಮ್ಮ ದಿನಾ ಕೇಳುತ್ತಿದ್ದಾರೆ.

ಪುಳಿಯೋಗರೆ_ಪಾಯಿಂಟ್

ಅಮ್ಮನಿಗೆ ಒಂದು ದೊಡ್ಡ ನಮಸ್ಕಾರ. ಹತ್ತು ವರ್ಷದಿಂದ ಆ ಕಡೆ ಹೋಗುತ್ತಿದ್ದೇನೆ, ಐಸ್‌ಕ್ರೀಮ್ ಬಿಟ್ಟು ಬೇರೇನೂ ನೋಡಿಲ್ಲ.

ಸಿವಿಲ್_ಮಂಡ್ಯ

ಅಮ್ಮ ಹೇಳಿದ್ದು ಸರಿ. ಪೂರ್ತಿ ಕಟ್ಟಿದ್ದಲ್ಲ, ಆದರೆ ಈಗ ಕಾಣುವ ಕೆರೆ ತಾನಾಗೇ ಆದದ್ದೂ ಅಲ್ಲ.

ಮೊದಲು ಈ ಕೆರೆಯ ಮೂಲಕ ಹೋಗುವ ರಿಡೋ ಕೆನಾಲ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನಾನು ವಿ.ಸಿ. ನಾಲೆ ನೋಡಿ ಬೆಳೆದವನು. ನಮಗೆ ನಾಲೆ ಅಂದರೆ ನೀರು ಹರಿಯಬೇಕು, ಗದ್ದೆಗೆ ಹೋಗಬೇಕು. ಇಲ್ಲಿ ಉಲ್ಟಾ. ನೀರು ಹರಿಯಲೇಬಾರದು. ದೋಣಿ ಹೋಗೋಕೆ ನಿಂತ ನೀರು ಬೇಕು. ಒಟ್ಟಾವಾದಿಂದ ಕಿಂಗ್‌ಸ್ಟನ್‌ವರೆಗೆ 202 ಕಿ.ಮೀ. ಅದರಲ್ಲಿ ನಿಜವಾಗಿ ಅಗೆದದ್ದು ಸುಮಾರು 19 ಕಿ.ಮೀ. ಮಾತ್ರ. ಉಳಿದದ್ದೆಲ್ಲ ನದಿ, ಕೆರೆ, ಜೌಗು. ನದಿಯಲ್ಲಿ ಬಂಡೆ, ಇಳಿಜಾರು ಇದ್ದ ಕಡೆ ಅದರ ಕೆಳಗೆ ಅಡ್ಡಕಟ್ಟೆ ಹಾಕಿದರು. ನೀರು ಏರಿ ಬಂಡೆಗಳು ಮುಳುಗಿದವು. ದೋಣಿ ಮೇಲೆ ತೇಲಿಕೊಂಡು ಹೋಯಿತು. ಬಂಡೆ ಒಡೆಯೋ ಬದಲು ಮುಳುಗಿಸೋದು. ನೂರು ಮೈಲಿಗೂ ಹೆಚ್ಚು ಕಾಡಿನಲ್ಲಿ ಸಲಿಕೆ, ಗುದ್ದಲಿ, ಕರಿಮದ್ದು ಬಿಟ್ಟರೆ ಏನೂ ಇಲ್ಲದವರಿಗೆ ಇದಕ್ಕಿಂತ ಒಳ್ಳೆ ಉಪಾಯ ಇರಲಿಲ್ಲ.

ಹೀಗೆ ನೀರು ಏರಿಸಿದಾಗ ದಡದ ಕಾಡು ಮುಳುಗಿತು. ಅಮ್ಮ ನೋಡಿದ ಬೊಡ್ಡೆ ಅದೇ ಇರಬೇಕು. ಬಾಡಿಗೆ ದೋಣಿ ತಗೊಂಡು ಹೋಗುವವರು ಗುರುತು ಹಾಕಿದ ದಾರಿ ಬಿಟ್ಟು ಆಚೆ ಹೋಗಬೇಡಿ. ಪ್ರೊಪೆಲ್ಲರ್ ಹಾಳಾದರೆ ಠೇವಣಿ ಮರೆತುಬಿಡಿ.

ಅಪ್ಪರ್ ರಿಡೋ ಕಥೆ ಮಾತ್ರ ಇನ್ನೂ ಮಜವಾಗಿದೆ. ಊಟ ಮಾಡಿ ಬಂದು ಬರೆಯುತ್ತೇನೆ.

ಪುಳಿಯೋಗರೆ_ಪಾಯಿಂಟ್

ಸಸ್ಪೆನ್ಸ್ ಬೇರೆ!

ಬೈಟೌನ್_ಅಜ್ಜ

ಮಂಡ್ಯದವರು ಊಟ ಮಾಡುವಷ್ಟರಲ್ಲಿ ನಾನು ಸ್ವಲ್ಪ ಹೇಳುತ್ತೇನೆ. ರಿಟೈರ್ ಆದ ಮೇಲೆ ಈ ಕೆನಾಲ್ ಪಕ್ಕದಲ್ಲೇ ವಾಕಿಂಗ್, ಇದೇ ಹುಚ್ಚು.

ಅಮೆರಿಕದ ಜೊತೆ ನಡೆದ 1812ರ ಯುದ್ಧದಲ್ಲಿ ಬ್ರಿಟಿಷರಿಗೆ ಒಂದು ಭಯ ಹತ್ತಿತು. ಮಾಂಟ್ರಿಯಲ್‌ನಿಂದ ಕಿಂಗ್‌ಸ್ಟನ್‌ಗೆ ಸಾಮಾನು ಹೋಗಬೇಕಾದರೆ ಸೇಂಟ್ ಲಾರೆನ್ಸ್ ನದಿ ಒಂದೇ ದಾರಿ. ನದಿಯ ಆ ದಡ ಅಮೆರಿಕ. ನಾಳೆ ಮತ್ತೆ ಯುದ್ಧ ಆದರೆ? ಅದಕ್ಕೇ ಗಡಿಯಿಂದ ದೂರ, ಒಳನಾಡಿನಲ್ಲಿ ಇನ್ನೊಂದು ದಾರಿ ಮಾಡಿ ಅಂತ 1826ರಲ್ಲಿ ಲೆಫ್ಟಿನೆಂಟ್ ಕರ್ನಲ್ ಜಾನ್ ಬೈ ಅನ್ನುವ ರಾಯಲ್ ಎಂಜಿನಿಯರ್‌ನ ಕಳಿಸಿದರು. 1832ರ ಮೇನಲ್ಲಿ ಕೆಲಸ ಮುಗೀತು. ಕಾಡಿನ ಮಧ್ಯೆ ಐದಾರು ಬೇಸಿಗೆಯಲ್ಲಿ ಮುಗಿಸಿದ್ದು. ನಮ್ಮ ರಸ್ತೆ ಮುಂದಿನ ಚರಂಡಿ ಕೆಲಸಕ್ಕೇ ಎರಡು ವರ್ಷ ಆಯಿತು.

ಅವನು ಬಿಡಾರ ಹೂಡಿದ ಜಾಗಕ್ಕೆ ಬೈಟೌನ್ ಅಂತ ಹೆಸರಾಯಿತು. 1855ರಲ್ಲಿ ಅದನ್ನ ಒಟ್ಟಾವಾ ಅಂತ ಬದಲಾಯಿಸಿದರು. ನಾವೆಲ್ಲ ಕೂತಿರೋ ಈ ರಾಜಧಾನಿ ಶುರುವಾದದ್ದು ಕೆನಾಲ್ ಕೆಲಸದವರ ಗುಡಿಸಲಿನಿಂದ.

ಪಾಪ, ಬೈಗೆ ಏನು ಸಿಕ್ಕಿತು ಗೊತ್ತಾ? ಖರ್ಚು 8 ಲಕ್ಷ ಪೌಂಡ್ ದಾಟಿತ್ತು. ಲಂಡನ್‌ಗೆ ವಾಪಸ್ ಕರೆಸಿ ಲೆಕ್ಕ ಕೇಳಿದರು. ಸನ್ಮಾನ ಇಲ್ಲ, ಏನಿಲ್ಲ. 1836ರಲ್ಲಿ ತೀರಿಕೊಂಡ.

ಯುದ್ಧಕ್ಕೆ ಈ ಕೆನಾಲ್ ಒಂದು ದಿನವೂ ಬಳಕೆಯಾಗಲಿಲ್ಲ.

ಸಿವಿಲ್_ಮಂಡ್ಯ

ಬಂದೆ. ಅಜ್ಜ ಪೀಠಿಕೆ ಹಾಕಿಕೊಟ್ಟರು, ಒಳ್ಳೆಯದಾಯಿತು.

ಈ ದಾರಿಯ ಎರಡು ಕಡೆ ಎರಡು ನದಿ. ರಿಡೋ ನದಿ ಉತ್ತರಕ್ಕೆ ಒಟ್ಟಾವಾ ಕಡೆ ಹೋಗುತ್ತದೆ. ಕ್ಯಾಟರಾಕ್ವಿ ದಕ್ಷಿಣಕ್ಕೆ ಕಿಂಗ್‌ಸ್ಟನ್ ಕಡೆ. ನಡುವೆ ಒಂದು ಸಣ್ಣ ದಿಬ್ಬ, ಸುಮಾರು ಒಂದು ಮೈಲಿ ಅಗಲ. ಅದಕ್ಕೆ ಆಗ ಇಸ್ತ್‌ಮಸ್ ಅನ್ನುತ್ತಿದ್ದರು. ಈಗಿನ ನ್ಯೂಬರೋ ಅದೇ. ಮೂಲನಿವಾಸಿಗಳು ಸಾವಿರಾರು ವರ್ಷದಿಂದ ಅಲ್ಲಿ ದೋಣಿ ಹೊತ್ತುಕೊಂಡು ದಾಟುತ್ತಿದ್ದರು. ಬೈಗೆ ಅದನ್ನ ಕಡಿದು ಎರಡೂ ನದಿಯನ್ನ ಸೇರಿಸಬೇಕಿತ್ತು. ಮೇಲೆ ನೋಡಿದರೆ ಮಣ್ಣು, ಜಲ್ಲಿ. ಸುಲಭ ಅಂದುಕೊಂಡರು. ಅಗೆದ ಹಾಗೆ ಕೆಳಗೆ ಗಟ್ಟಿ ಬಂಡೆ. ಕೆನಡಿಯನ್ ಶೀಲ್ಡ್ ಅನ್ನುತ್ತಾರಲ್ಲ, ಭೂಮಿಯ ಮೇಲಿನ ಬಲು ಹಳೆಯ ಕಲ್ಲು, ಅದು. ಅದರ ಮೇಲೆ ಕಾಯಿಲೆ ಬೇರೆ. ಗುತ್ತಿಗೆದಾರರು ಕೈ ಎತ್ತಿದರು. ಕೊನೆಗೆ ಸೈನ್ಯದ ರಾಯಲ್ ಸ್ಯಾಪರ್ಸ್ ಅಂಡ್ ಮೈನರ್ಸ್ ದಂಡನ್ನೇ ತಂದು ಹಚ್ಚಿದರು. ಅವರಿಗೂ ಕಷ್ಟವಾಯಿತು.

ಆಗ ಬೈ ಒಂದು ಲೆಕ್ಕ ಹಾಕಿದ. ಕಾಲುವೆಯ ತಳವನ್ನ ಇನ್ನೂ ಕೆಳಕ್ಕೆ ಇಳಿಸೋಕೆ ಆಗಲ್ಲ. ಹಾಗಾದರೆ ನೀರನ್ನೇ ಮೇಲಕ್ಕೆ ತಂದರೆ? ರಿಡೋ ಕೆರೆ ಆಗ ಒಂದೇ ಇತ್ತು. ಅದರ ನಡುವೆ ಸೊಂಟ ಸಣ್ಣಗಾಗುವ ಒಂದು ಜಾಗ ಇದೆ, ನ್ಯಾರೋಸ್. ಅಲ್ಲಿ ಅಡ್ಡ ಕಟ್ಟೆ ಹಾಕಿ ಒಂದು ಲಾಕ್ ಇಟ್ಟ. ಮೇಲಿನ ಅರ್ಧ ತುಂಬಿ ಏರಿತು. ಅದು ಅಪ್ಪರ್ ರಿಡೋ ಆಯಿತು. ಕೆಳಗಿನದು ಬಿಗ್ ರಿಡೋ. ಇಂದಿಗೂ ಎರಡರ ನಡುವಿನ ಎತ್ತರ ಒಂದು ಮೀಟರ್‌ಗೂ ಕಮ್ಮಿ. ಅಷ್ಟಕ್ಕಾಗಿ ಒಂದು ಇಡೀ ಲಾಕ್! ಆದರೆ ಅಷ್ಟು ಎತ್ತರದ ಬಂಡೆ, ಒಂದು ಮೈಲಿ ಉದ್ದಕ್ಕೆ, ಒಡೆಯೋದು ತಪ್ಪಿತು.

ಅಮ್ಮ ಕೇಳಿದ ಏರಿ ನ್ಯಾರೋಸ್‌ನಲ್ಲಿದೆ. ಸ್ಪೈ ರಾಕ್ ಮೇಲೆ ಕೂತವರಿಗೆ ಅದು ಕಾಣದೆ ಇರಬಹುದು, ಆದರೆ ಅವರು ನೋಡುತ್ತಿದ್ದ ಕೆರೆ ಬೇರೆ ಕೆರೆಯಾಗಿದ್ದು ಆ ಏರಿಯಿಂದ. ಬಂಡೆ ಸೋಲಲಿಲ್ಲ ಅಂತ ನೀರು ಏರಿಸಿದ ಕೆರೆ ಅದು.

ತುರುವೇಕೆರೆ_ಟು_ಒಟ್ಟಾವಾ

ಓದಿ ಹೇಳಿದೆ. ಅಮ್ಮ "ನಾನು ಹೇಳಲಿಲ್ವಾ" ಅಂತ ಮುಖ ಮಾಡಿ ಒಳಗೆ ಹೋದರು. ಐದು ನಿಮಿಷಕ್ಕೆ ವಾಪಸ್ ಬಂದು, "ಲಾಕ್ ಅಂದರೆ ಬೀಗ ಅಲ್ವಾ? ನೀರಿಗೆ ಯಾಕೆ ಬೀಗ?" ಅಂತ ಕೇಳಿದರು. ದೋಣಿಯಲ್ಲಿ ಹೋಗಿ ಬಂದಿದ್ದಾರೆ, ಆದರೂ ಹೆಸರು ಒಪ್ಪಿಗೆಯಾಗಿಲ್ಲ.

ಸಿವಿಲ್_ಮಂಡ್ಯ

ತೂಬು ಇರೋ ತೊಟ್ಟಿ ಅನ್ನಿ, ಒಪ್ಪುತ್ತಾರೆ. ಕಲ್ಲಿನ ಉದ್ದ ತೊಟ್ಟಿ, ಎರಡು ತುದಿಗೂ ಬಾಗಿಲು. ದೋಣಿ ಒಳಗೆ ಬಂತು, ಬಾಗಿಲು ಹಾಕಿದರು. ಮೇಲಿನ ತೂಬು ಬಿಟ್ಟರೆ ತೊಟ್ಟಿ ತುಂಬುತ್ತದೆ, ದೋಣಿ ಏರುತ್ತದೆ. ಕೆಳಗಿನ ತೂಬು ಬಿಟ್ಟರೆ ಇಳಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಬಾಗಿಲು ಮರದ್ದು. ನೀರಿನ ಕಡೆಗೆ ಮೂತಿ ಮಾಡಿ ಎರಡು ರೆಕ್ಕೆ ಸೇರುತ್ತವೆ, ನೀರಿನ ಭಾರವೇ ಅವನ್ನ ಒತ್ತಿ ಮುಚ್ಚಿಡುತ್ತದೆ. ಬಹಳಷ್ಟು ಕಡೆ ಇಂದಿಗೂ ಸಿಬ್ಬಂದಿ ಕೈಯಿಂದಲೇ ರಾಟೆ ತಿರುಗಿಸಿ ಸರಪಳಿ ಎಳೆದು ತೆಗೆಯುತ್ತಾರೆ. ಮೂರು ಕಡೆ ಮಾತ್ರ ಯಂತ್ರ, ಅದರಲ್ಲಿ ನ್ಯೂಬರೋ ಒಂದು. ನ್ಯಾರೋಸ್‌ಗೆ ಹೋಗಿ, ಕೈಯಿಂದ ತಿರುಗಿಸೋದು ನೋಡಬಹುದು.

ಲಾಕ್‌ಗಳ ನಂಬರ್ ಒಟ್ಟಾವಾ ಕಡೆಯಿಂದ ಶುರು. ನ್ಯಾರೋಸ್ 35, ನ್ಯೂಬರೋ 36. 35ರವರೆಗೆ ಬರೀ ಹತ್ತೋದು, 83 ಮೀಟರ್. 36ರಿಂದ ಬರೀ ಇಳಿಯೋದು, ಕಿಂಗ್‌ಸ್ಟನ್‌ಗೆ 50 ಮೀಟರ್. ನಡುವಿನ ನೆತ್ತಿಯಲ್ಲಿ ಕೂತಿರೋದು ವೆಸ್ಟ್‌ಪೋರ್ಟ್.

ದೋಣಿ_ದುರಂತ

ಲಾಕ್ ವಿಷಯ ಬಂತಲ್ಲ, ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಕಡೆ ಪಾಂಟೂನ್ ದೋಣಿ ಬಾಡಿಗೆಗೆ ತಗೊಂಡೆವು. ಕೊಟ್ಟವರು ಹತ್ತು ನಿಮಿಷ ಪಾಠ ಮಾಡಿದರು. ಲಾಕ್ ಬಗ್ಗೆ ಕೊನೆಯ ಅರ್ಧ ನಿಮಿಷ. ನ್ಯೂಬರೋದಲ್ಲಿ ಮೊದಲು ನೀಲಿ ಗೆರೆ ಬಳಿದ ಕಟ್ಟೆಯ ಹತ್ತಿರ ಕಾಯಬೇಕು. ಕಾದೆವು. ಹಸಿರು ಕೊಟ್ಟರು, ಒಳಗೆ ಹೋದೆವು. ಗೋಡೆಯ ಮೇಲೆ ಮೇಲಿಂದ ಕೆಳಗೆ ಕಪ್ಪು ಕೇಬಲ್ ನೇತಾಡುತ್ತವೆ. ಹಗ್ಗವನ್ನ ಅದರ ಹಿಂದಿನಿಂದ ಸುತ್ತಿ ತುದಿ ಕೈಯಲ್ಲಿ ಹಿಡಿದಿರಬೇಕು. ನಮ್ಮ ಭಾವಮೈದ ಊರಲ್ಲಿ ಎಮ್ಮೆ ಕಟ್ಟಿದವನು. ಎರಡು ಗಂಟು ಹಾಕಿ ಬಿಗಿದ.

ನೀರು ಇಳಿಯೋಕೆ ಶುರುವಾಯಿತು. ಎರಡೂ ಕಾಲು ಮೀಟರ್‌ಗೂ ಮೇಲೆ ಇಳಿಯುತ್ತದೆ ಅಲ್ಲಿ. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಚಿತ್ರಾನ್ನದ ಡಬ್ಬಿ ತಾನಾಗೇ ಜಾರಿತು. ನೋಡಿದರೆ ದೋಣಿಯ ಒಂದು ಮೂಲೆ ಗೋಡೆಗೆ ನೇತುಬಿದ್ದಿದೆ, ಇನ್ನೊಂದು ಮೂಲೆ ನೀರಿನ ಜೊತೆ ಕೆಳಗೆ ಹೋಗುತ್ತಿದೆ. ಲಾಕ್ ಹುಡುಗಿ ಕೂಗಿಕೊಂಡು ಓಡಿ ಬಂದಳು, ತೂಬು ಮುಚ್ಚಿಸಿದಳು. ಗಂಟು ಬಿಗಿದುಕೊಂಡಿತ್ತು, ಬಿಚ್ಚೋಕೆ ಬರಲಿಲ್ಲ. ಮತ್ತೆ ಸ್ವಲ್ಪ ನೀರು ತುಂಬಿಸಿ ಸಡಿಲ ಮಾಡಿದರು. ಮೇಲೆ ಕಟ್ಟೆಯಲ್ಲಿ ಐವತ್ತು ಜನ ಐಸ್‌ಕ್ರೀಮ್ ತಿನ್ನುತ್ತಾ ನೋಡುತ್ತಿದ್ದರು. ಒಬ್ಬರು ಚಪ್ಪಾಳೆ ಬೇರೆ.

ಚಿತ್ರಾನ್ನ ಉಳಿಯಲಿಲ್ಲ. ಗಂಟು ಹಾಕಬೇಡಿ.

ಪುಳಿಯೋಗರೆ_ಪಾಯಿಂಟ್

ಚಿತ್ರಾನ್ನಕ್ಕೆ ಒಂದು ನಿಮಿಷ ಮೌನ.

ಜ್ವರದ_ಡಾಕ್ಟ್ರಮ್ಮ

ಮೇಲೆ "ಕಾಯಿಲೆ ಬೇರೆ" ಅಂತ ಅರ್ಧ ವಾಕ್ಯದಲ್ಲಿ ಮುಗಿಸಿಬಿಟ್ಟರಲ್ಲ, ಅದು ಅರ್ಧ ವಾಕ್ಯದ ವಿಷಯ ಅಲ್ಲ. ಅದು ಮಲೇರಿಯಾ. ಹೌದು, ಕೆನಡಾದಲ್ಲಿ. ಜನವರಿಯಲ್ಲಿ ಮೈನಸ್ ಮೂವತ್ತಕ್ಕೂ ಇಳಿಯೋ ಜಾಗದಲ್ಲಿ.

ಆಗ ಅದನ್ನ ಏಗ್ಯೂ, ಜೌಗು ಜ್ವರ ಅನ್ನುತ್ತಿದ್ದರು. ಅದು ವೈವ್ಯಾಕ್ಸ್ ಅನ್ನುವ ಜಾತಿಯ ಮಲೇರಿಯಾ. ಅದು ಲಿವರ್‌ನಲ್ಲಿ ಅವಿತು ಚಳಿಗಾಲ ಕಳೆಯುತ್ತದೆ, ಮುಂದಿನ ಬೇಸಿಗೆಗೆ ಎದ್ದು ಬರುತ್ತದೆ. ಅನಾಫಿಲಿಸ್ ಸೊಳ್ಳೆ ಅಲ್ಲಿ ಮೊದಲೇ ಇತ್ತು. ಕೆಲಸಕ್ಕೆ ಬಂದವರು ಹೆಚ್ಚಾಗಿ ಐರಿಶ್ ಬಡವರು, ಫ್ರೆಂಚ್ ಕೆನಡಿಯನ್ನರು, ಸ್ಕಾಟ್ಲೆಂಡಿನ ಕಲ್ಲುಕುಟಿಗರು. ಜೌಗಿನ ಪಕ್ಕ ಗುಡಿಸಲು. 1828ರ ಬೇಸಿಗೆ ಬಲು ಕೆಟ್ಟದು, ಬೈ ಕೂಡ ಮಲಗಿದ. ಕ್ವಿನೈನ್ ಇತ್ತು, ಆದರೆ ದುಬಾರಿ. ಕೂಲಿಯವನಿಗೆ ಸಿಗುತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಅಂತ ನಂಬಿ, ಗಾಳಿಯಾಡಲಿ ಅಂತ ನ್ಯೂಬರೋ ಸುತ್ತ ಮರ ಕಡಿಸಿದರು. ಇಡೀ ಕೆನಾಲ್ ಕೆಲಸದಲ್ಲಿ ಸತ್ತವರು ಸಾವಿರದ ಹತ್ತಿರ ಅಂತ ಅಂದಾಜು. ಸಿಡಿಮದ್ದು, ಬಂಡೆ ಬಿದ್ದದ್ದು ಎಲ್ಲ ಸೇರಿಸಿ. ಅದರಲ್ಲಿ ದೊಡ್ಡ ಪಾಲು ಜ್ವರದ್ದು. ಹೆಂಗಸರು, ಮಕ್ಕಳೂ ಇದ್ದರು.

ನ್ಯೂಬರೋದಲ್ಲಿ ಹಳೆಯ ಪ್ರೆಸ್ಬಿಟೇರಿಯನ್ ಸ್ಮಶಾನ ಇದೆ. ಸ್ಯಾಪರ್‌ಗಳನ್ನ ಮಣ್ಣು ಮಾಡಿದ್ದು ಅಲ್ಲಿ. ಐಸ್‌ಕ್ರೀಮ್ ತಿಂದ ಮೇಲೆ ಐದು ನಿಮಿಷ ಅಲ್ಲಿಗೂ ಹೋಗಿ ಬನ್ನಿ.

ಲೇಕ್_ಲೈಫ್_ಕನ್ನಡಿಗ

ಡಾಕ್ಟ್ರೇ, ಆ ಮಲೇರಿಯಾ ತಂದದ್ದು ನಮ್ಮ ಇಂಡಿಯಾದಲ್ಲಿ ಸೇವೆ ಮಾಡಿ ಬಂದ ಬ್ರಿಟಿಷ್ ಸೈನಿಕರು ಅಂತ ಓದಿದ್ದೇನೆ. ಟೂರ್ ಗೈಡ್ ಒಬ್ಬರು ಕೂಡ ಅದನ್ನೇ ಹೇಳಿದರು.

ಜ್ವರದ_ಡಾಕ್ಟ್ರಮ್ಮ

ಅದೊಂದು ಹಳೆಯ ಕಥೆ. ಸುಮ್ನೆ ಬಾಯಿಂದ ಬಾಯಿಗೆ ಬಂದದ್ದು. ವೈವ್ಯಾಕ್ಸ್ ಇಂಗ್ಲೆಂಡಿನ ಜೌಗು ಜಿಲ್ಲೆಗಳಲ್ಲೇ ಆಗ ಮಾಮೂಲಿ ಕಾಯಿಲೆ. ಯುರೋಪಿನಿಂದ ಬಂದವರ ಜೊತೆ ಅಮೆರಿಕ ಖಂಡಕ್ಕೆ ಎಷ್ಟೋ ಮೊದಲೇ ಬಂದಿತ್ತು. 1790ರ ದಶಕದಲ್ಲೇ ಕಿಂಗ್‌ಸ್ಟನ್ ಕಡೆಯ ಬಿಳಿಯರಿಗೆ ಏಗ್ಯೂ ಚೆನ್ನಾಗಿ ಗೊತ್ತಿತ್ತು, ಕೆನಾಲ್‌ಗಿಂತ ಮೂವತ್ತು ವರ್ಷ ಮೊದಲು. ಎಲ್ಲ ಜ್ವರಕ್ಕೂ ಇಂಡಿಯಾದ ವಿಳಾಸ ಬರೆಯೋದು ಕೆಲವರ ಅಭ್ಯಾಸ.

ಇಂಡಿಯಾದ ಪಾತ್ರ ಇರೋದು ಇನ್ನೊಂದು ಕಡೆ. ರೊನಾಲ್ಡ್ ರಾಸ್ 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ಡಾಕ್ಟರ್ ಆಗಿದ್ದರು. ಬಂಗಲೆ ತುಂಬಾ ಸೊಳ್ಳೆ. ನೋಡಿದರೆ ಕಿಟಕಿ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿವೆ. ತೊಟ್ಟಿ ಮಗುಚಿ ಹಾಕಿದರು, ಸೊಳ್ಳೆ ಕಮ್ಮಿಯಾಯಿತು. ಮಲೇರಿಯಾಕ್ಕೂ ಸೊಳ್ಳೆಗೂ ಇರೋ ಸಂಬಂಧ ಆಗ ಅವರಿಗೂ ಗೊತ್ತಿರಲಿಲ್ಲ. ಅದು ಸಿಕ್ಕಿದ್ದು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ. ನ್ಯೂಬರೋದಲ್ಲಿ ಮರ ಕಡಿಯುತ್ತಿದ್ದವರಿಗೆ ಅದು ಸುಮಾರು ಎಪ್ಪತ್ತು ವರ್ಷ ತಡ.

ಹಲಸೂರು_ಹುಡುಗ

ಸ್ಯಾಪರ್ಸ್ ಅಂತ ಓದಿ ಎದ್ದು ಕೂತೆ. ನಮ್ಮ ತಾತ ಹಲಸೂರು ಕೆರೆ ಪಕ್ಕದ ಎಂ.ಇ.ಜಿ.ಯಲ್ಲಿದ್ದವರು, ಮದ್ರಾಸ್ ಸ್ಯಾಪರ್ಸ್. ಅವರೇ ಇವರಾ?

ಬೈಟೌನ್_ಅಜ್ಜ

ಇಲ್ಲಪ್ಪ. ಕೆಲಸ ಒಂದೇ, ಸೈನ್ಯ ಬೇರೆ. ರಿಡೋಗೆ ಬಂದವರು ಬ್ರಿಟನ್ ರಾಜನ ಸೈನ್ಯದವರು. ನಿಮ್ಮ ತಾತನ ದಂಡು ಕಂಪನಿ ಸರ್ಕಾರದ ಮದ್ರಾಸ್ ಸೈನ್ಯದಿಂದ ಬಂದದ್ದು, ಹುಟ್ಟಿದ್ದು 1780ರಲ್ಲಿ. ಕಲ್ಲು ಒಡೆಯೋದು, ಸೇತುವೆ ಕಟ್ಟೋದು, ಗುಂಡಿಗೆ ಮದ್ದು ತುಂಬೋದು ಮಾತ್ರ ಎರಡೂ ಕಡೆ ಒಂದೇ. ಮದ್ರಾಸ್‌ನವರಿಗೆ ಸ್ಯಾಪರ್ಸ್ ಅಂಡ್ ಮೈನರ್ಸ್ ಅನ್ನೋ ಹೆಸರು ಬಂದದ್ದು 1831ರಲ್ಲಿ, ಇಲ್ಲಿ ಕೆಲಸ ಮುಗಿಯೋ ಹೊತ್ತಿಗೆ.

ಖಾರಾಬಾತ್_ಕ್ರಿಟಿಕ್

ನನ್ನದು ಬೇರೆ ಅಭಿಪ್ರಾಯ, ಬೈಯಬೇಡಿ. ಟೊರೊಂಟೊದಿಂದ ಮೂರು ಗಂಟೆಗೂ ಜಾಸ್ತಿ ಕಾರು ಓಡಿಸಿ ಹೋದೆ. ಒಂದು ಬೀದಿ. ನಾಲ್ಕು ಅಂಗಡಿ. ಎರಡು ಗಂಟೆಯಲ್ಲಿ ಮುಗೀತು. ಪಾರ್ಕಿಂಗ್ ಇಲ್ಲ. ಯುನೆಸ್ಕೋ ಅಂತ ಬೋರ್ಡು ನೋಡಿ ಹಂಪಿ ತರಹ ಏನೋ ಇರುತ್ತದೆ ಅಂದುಕೊಂಡಿದ್ದೆ.

ಬೈಟೌನ್_ಅಜ್ಜ

ಹಂಪಿ ತರಹ ಇದ್ದಿದ್ದರೆ ಕೆನಾಲ್ ನಿಂತುಹೋಗಿರುತ್ತಿತ್ತು. 2007ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದೇ ಅದು ಇನ್ನೂ ನಡೆಯುತ್ತಿದೆ ಅಂತ. ಆ ಕಾಲದಲ್ಲಿ ಉತ್ತರ ಅಮೆರಿಕದಲ್ಲಿ ಎಷ್ಟೋ ದೊಡ್ಡ ಕೆನಾಲ್ ತೋಡಿದರು. ಅದೇ ದಾರಿಯಲ್ಲಿ, ಹೆಚ್ಚುಕಮ್ಮಿ ಅದೇ ಕಲ್ಲುಗಳ ಜೊತೆ, ಇವತ್ತಿಗೂ ದೋಣಿ ಬಿಡುತ್ತಿರೋದು ಇದೊಂದೇ.

ಉಳಿದದ್ದಕ್ಕೆ ಕಾರಣವೂ ತಮಾಷೆ. ಸೇಂಟ್ ಲಾರೆನ್ಸ್ ನದಿಗೇ 1850ರ ಹೊತ್ತಿಗೆ ದೊಡ್ಡ ಲಾಕ್‌ಗಳು ಬಂದವು. ವ್ಯಾಪಾರ ಆ ಕಡೆ ಹೋಯಿತು. ರಿಡೋವನ್ನ ಒಡೆದು ದೊಡ್ಡದು ಮಾಡುವಷ್ಟು ಯಾರಿಗೂ ಬೇಕಾಗಲಿಲ್ಲ. ಹಾಗೇ ಬಿಟ್ಟರು, ಹಾಗೇ ಉಳಿಯಿತು.

ಸಿವಿಲ್_ಮಂಡ್ಯ

ಖಾರಾಬಾತ್ ಅವರೇ, ಕಲ್ಲಿನ ಕೆಲಸವೇ ನೋಡಬೇಕು ಅಂದರೆ ವೆಸ್ಟ್‌ಪೋರ್ಟ್‌ನಿಂದ ಇನ್ನೊಂದಷ್ಟು ದೂರ ಜೋನ್ಸ್ ಫಾಲ್ಸ್‌ಗೆ ಹೋಗಿ. ಬಿಲ್ಲಿನ ಹಾಗೆ ಬಾಗಿದ ಕಲ್ಲಿನ ಅಣೆಕಟ್ಟು, 19 ಮೀಟರ್ ಹತ್ತಿರ ಎತ್ತರ. ಕಟ್ಟಿದಾಗ ಇಡೀ ಉತ್ತರ ಅಮೆರಿಕದಲ್ಲಿ ಅಷ್ಟು ಎತ್ತರದ್ದು ಇನ್ನೊಂದಿರಲಿಲ್ಲ. ಒಂದು ತುದಿಯಲ್ಲಿ ಪಿಸುಗುಟ್ಟಿದರೆ ಇನ್ನೊಂದು ತುದಿಗೆ ಕೇಳುತ್ತದೆ ಅಂತ ಹೆಸರುವಾಸಿ. ಗೋಲಗುಂಬಜ್ ನೋಡಿದವರಿಗೆ ಸಪ್ಪೆ ಅನ್ನಿಸಬಹುದು, ಅಷ್ಟು ಹೇಳಿಬಿಡುತ್ತೇನೆ.

ರೈಲ್ವೆ_ಪ್ರಿಯ

ಊರಿಗೆ ರೈಲೂ ಇತ್ತು. 1888ರಲ್ಲಿ ಬ್ರಾಕ್‌ವಿಲ್‌ನಿಂದ ವೆಸ್ಟ್‌ಪೋರ್ಟ್‌ವರೆಗೆ ಹಾಕಿದರು. ಕಂಪನಿಯ ಹೆಸರಲ್ಲಿ ಸೂ ಸೇಂಟ್ ಮರೀ ಅಂತ ಇತ್ತು. ಅದು ನೂರಾರು ಕಿ.ಮೀ. ಆಚೆ, ಸುಪೀರಿಯರ್ ಕೆರೆಯ ಬಾಯಿಯಲ್ಲಿ. ಎದುರಿಗೆ ಆ ಗುಡ್ಡ ಕಂಡಿತು, ದುಡ್ಡು ಮುಗೀತು, ಹಳಿ ಅಲ್ಲೇ ನಿಂತಿತು. 1952ರಲ್ಲಿ ಕಿತ್ತುಹಾಕಿದರು. ಬೋರ್ಡಿನಲ್ಲಿ ಮಾತ್ರ ಓಡಿದ ರೈಲು ನಮ್ಮ ಕಡೆಯೂ ಸಾಕಷ್ಟಿವೆ, ಅದಕ್ಕೇ ಹೇಳಿದೆ.

ಕಾಡುಕುಸುಮ

ಎಲ್ಲರೂ ಬೈ, ಸ್ಯಾಪರ್ಸ್ ಅಂತ ಮಾತಾಡುತ್ತಿದ್ದೀರಿ. ನೀರು ಏರಿಸಿದಾಗ ಮುಳುಗಿದ್ದು ಬರೀ ಮರ ಅಲ್ಲ. ಅಲ್ಗಾಂಕ್ವಿನ್ ಜನ ಈ ನೀರಿನ ದಾರಿಯಲ್ಲೇ ಬದುಕಿದವರು. ಆಳ ಕಮ್ಮಿ ಇರೋ ನೀರಿನಲ್ಲಿ ಕಾಡು ಅಕ್ಕಿ ಬೆಳೆಯುತ್ತದೆ. ದೋಣಿಯಲ್ಲೇ ಹೋಗಿ ತೆನೆ ಬಗ್ಗಿಸಿ ಕೋಲಿನಿಂದ ತಟ್ಟಿ ಕಾಳು ಉದುರಿಸಿಕೊಳ್ಳುತ್ತಾರೆ. ನೀರು ಒಂದಷ್ಟು ಏರಿದರೂ ಅದು ಬದುಕಲ್ಲ. ಅಡ್ಡಕಟ್ಟೆ ಹಾಕುವವರು ಅವರನ್ನ ಕೇಳಲಿಲ್ಲ. ಮುಳುಗಡೆ ಅಂದರೆ ಏನು ಅಂತ ಶರಾವತಿ ಕಡೆಯವಳಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಿವಿಲ್_ಮಂಡ್ಯ

ಒಪ್ಪಿದೆ. "ಒಳ್ಳೆ ಉಪಾಯ" ಅಂತ ಮೇಲೆ ಬರೆದಾಗ ನನಗೆ ಅದು ತಲೆಯಲ್ಲಿ ಇರಲಿಲ್ಲ.

ಲೇಕ್_ಲೈಫ್_ಕನ್ನಡಿಗ

ಹೋಗುವವರಿಗೆ ಎರಡು ಮಾತು. ಲಾಕ್‌ಗಳು ಮೇ ಮಧ್ಯದ ರಜೆಯಿಂದ ಅಕ್ಟೋಬರ್ ಥ್ಯಾಂಕ್ಸ್‌ಗಿವಿಂಗ್ ಹೊತ್ತಿನವರೆಗೆ ಮಾತ್ರ. ಜುಲೈ ಶನಿವಾರ ಬಿಟ್ಟುಬಿಡಿ, ಖಾರಾಬಾತ್ ಅವರು ಪಾರ್ಕಿಂಗ್ ಬಗ್ಗೆ ಹೇಳಿದ್ದು ಸುಳ್ಳಲ್ಲ. ಸೆಪ್ಟೆಂಬರ್ ಕೊನೆಗೆ ಸ್ಪೈ ರಾಕ್ ಮೇಲೆ ನಿಂತರೆ ಮರಗಳೆಲ್ಲ ಕುಂಕುಮ, ಅರಿಶಿನ. ನ್ಯೂಬರೋ, ನ್ಯಾರೋಸ್ ಎರಡು ಕಡೆಯೂ ಹಳೆಯ ಕಾವಲುಮನೆ ಇದೆ. ಕೆಳಗೆ ಕಲ್ಲು, ಮೇಲೆ ಮರ. ಬಾರದ ಶತ್ರುವಿಗೆ ಕಾದು ಕೂತವು.

ತುರುವೇಕೆರೆ_ಟು_ಒಟ್ಟಾವಾ

ಇವತ್ತು ಅಮ್ಮನನ್ನ ನ್ಯಾರೋಸ್‌ಗೆ ಕರೆದುಕೊಂಡು ಹೋಗಿ ಏರಿ ತೋರಿಸಿ ಬಂದೆ. ಲಾಕ್ ಸಿಬ್ಬಂದಿ ರಾಟೆ ತಿರುಗಿಸುತ್ತಿದ್ದರು. ಅಮ್ಮ ಒಂದು ಕೈ ಹಾಕಲಾ ಅಂತ ಸನ್ನೆಯಲ್ಲಿ ಕೇಳಿದರು, ಆ ಹುಡುಗ ನಕ್ಕು ಜಾಗ ಬಿಟ್ಟ. ಎಪ್ಪತ್ತೊಂದು ವರ್ಷ. ನಾಲ್ಕು ಸುತ್ತು ತಿರುಗಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಆಮೇಲೆ ಏರಿ ಮೇಲೆ ನಡೆಯುತ್ತಾ ಕೇಳಿದರು: "ಕೋಡಿ ಯಾವ ಕಡೆ?" ನೆತ್ತಿ ಮೇಲಿನ ಕೆರೆ ಅಲ್ವಾ, ಎರಡೂ ಕಡೆ ನೀರು ಬಿಡಬಹುದು, ಈ ಕಡೆ ಬಿಟ್ಟರೆ ಒಟ್ಟಾವಾ, ಆ ಕಡೆ ಬಿಟ್ಟರೆ ಕಿಂಗ್‌ಸ್ಟನ್ ಅಂದೆ. ಎರಡು ಕೋಡಿಯ ಕೆರೆ ಅವರು ಕೇಳಿದ್ದಿಲ್ಲವಂತೆ. "ಹಾಗಾದರೆ ತುಂಬೋದು ಯಾವಾಗ? ಬಾಗಿನ ಯಾರು ಕೊಡುತ್ತಾರೆ?"

ಶರತ್ಕಾಲದಲ್ಲಿ ಕೆರೆ ಇಳಿಸುತ್ತಾರೆ, ಏಪ್ರಿಲ್ ಹೊತ್ತಿಗೆ ಹಿಮ ಕರಗಿದಾಗ ಮತ್ತೆ ತುಂಬಿಸಿಕೊಳ್ಳುತ್ತಾರೆ ಅಂದೆ. ಬಾಗಿನದ ಪ್ರಶ್ನೆಗೆ ಸುಮ್ಮನಾದೆ. ಅವರ ಟಿಕೆಟ್ ಇರೋದು ಸೆಪ್ಟೆಂಬರ್‌ಗೆ. ಏಪ್ರಿಲ್‌ವರೆಗೆ ವೀಸಾ ಮುಂದುವರಿಸೋದು ಹೇಗೆ ಅಂತ ಈಗ ವಿಚಾರಿಸುತ್ತಿದ್ದಾರೆ. ಗೊತ್ತಿದ್ದವರು ಅದನ್ನೂ ಹೇಳಿ.